ನೀಲಿ ಕುರ್ಚಿಯಲ್ಲಿ ಕೂತವರನ್ನು ಮಾತಾಡಿಸಬಾರದು

ಅವನು ಎರಡು ಬ್ಯಾಗು ಹಿಡಿದು ಕಂಟ್ರೋಲ್ ರೂಮಿನ ಬಾಗಿಲು ತಳ್ಳಿದ. ಒಳಗಿದ್ದ ಆರು ಜನರಲ್ಲಿ ಯಾರನ್ನೂ ಏನೂ ಕೇಳಲಿಲ್ಲ. ಸೀದಾ ಹೋಗಿ ಕಿಟಕಿ ಪಕ್ಕದ ನೀಲಿ ಕುರ್ಚಿಯಲ್ಲಿ ಕೂತುಬಿಟ್ಟ.

ರೂಮು ತಣ್ಣಗಾಯಿತು.

ಗೋಡೆಗೆ ತೂತು ಕೊರೆಯುತ್ತಿದ್ದ ಎಲೆಕ್ಟ್ರಿಷಿಯನ್ ಡ್ರಿಲ್ ನಿಲ್ಲಿಸಿದ. ಯಾರೋ ರೇಡಿಯೋ ಸದ್ದು ಕಡಿಮೆ ಮಾಡಿದರು. ಮೇಜಿನ ತುಂಬ ನಕ್ಷೆ ಹರಡಿಕೊಂಡಿದ್ದ ಅವಳು ತಲೆ ಎತ್ತಿ ನೋಡಿದಳು. ಮೂವತ್ತೈದರ ಆಸುಪಾಸಿನ ಮನುಷ್ಯ. ಪ್ರಯಾಣದಲ್ಲಿ ಸುಕ್ಕಾದ ಶರ್ಟು, ಕಣ್ಣ ಕೆಳಗೆ ಕಪ್ಪು. ಹೆಡ್ ಆಫೀಸಿನಿಂದ ಪ್ಲಾನಿಂಗ್ ಇಂಜಿನಿಯರ್ ಒಬ್ಬರು ಬರುತ್ತಾರೆ ಅಂತ ಫೋನ್ ಬಂದಿತ್ತು. ಇವನೇ ಇರಬೇಕು.

'ಪಾಪ... ಬಂದವನೇ ಆ ಕುರ್ಚಿಗೆ ಹೋದನಲ್ಲ. ಗೇಟಿನಲ್ಲಿ ಯಾರೋ ಹೇಳಿರಬೇಕು. ಏನು ನೋವಿದೆಯೋ ಏನೋ...'

ಅವಳ ಕರುಳು ಚುರುಕ್ ಅಂದಿತು. ಗುರುತಿಲ್ಲ, ಪರಿಚಯವಿಲ್ಲ, ಆದರೂ ಅಂದಿತು. ಅದಕ್ಕೆ ನಾವೇನು ಮಾಡುವುದಕ್ಕಾಗುತ್ತದೆ.

ಮೊದಲು ಎಲೆಕ್ಟ್ರಿಷಿಯನ್ ಬಂದು ಅವನ ಪಕ್ಕದ ಸ್ಟೂಲಿನ ಮೇಲೆ ಒಂದು ಕಪ್ ಟೀ ಇಟ್ಟು, ಮುಖ ನೋಡದೆ ಹೋದ. "ಥ್ಯಾಂಕ್ಸ್. ಇಲ್ಲಿ ಇನ್‌ಚಾರ್ಜ್ ಯಾರು?" ಅಂತ ಅವನು ಕೇಳಿದ. ಎಲೆಕ್ಟ್ರಿಷಿಯನ್ ತುಟಿ ಬಿಚ್ಚಲಿಲ್ಲ. ಆಮೇಲೆ ವೆಲ್ಡರ್ ಬಂದರು, ಒಂದು ಕಪ್ ಇಟ್ಟರು, ಹೋದರು. ಸ್ಟೋರು ನೋಡಿಕೊಳ್ಳುವ ಹೆಂಗಸು ಬಂದರು. ಫಿಟ್ಟರ್ ಬಂದ. ಪೈಪಿನವನು ಬಂದ. ಯಾರದ್ದೂ ಒಂದು ಮಾತಿಲ್ಲ.

ಆರನೆಯ ಕಪ್ ಅವಳೇ ಇಟ್ಟಳು. ಅವನು ತಲೆ ಎತ್ತಿದ. ಕಣ್ಣಿಗೆ ಕಣ್ಣು ಸಿಕ್ಕಿತು. ಅವಳು ಮೆಲ್ಲಗೆ ತಲೆಯಾಡಿಸಿ, ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೊರಗೆ ಹೋದಳು.

ನಲವತ್ತು ನಿಮಿಷ ಆದ ಮೇಲೆ ಅವನು ಎದ್ದು ಹೊರಗೆ ಬಂದ. ಮುಖ ಕೆಂಪಾಗಿತ್ತು.

"ಇಲ್ಲಿ ಯಾರಿಗಾದ್ರೂ ಬಾಯಿ ಇದೆಯಾ?" ಅಂದ. "ನಾನು ಹೆಡ್ ಆಫೀಸಿಂದ ಬಂದಿರೋನು. ನಿಮಗೆ ನಾನು ಬೇಡ ಅಂದ್ರೆ ನೇರವಾಗಿ ಹೇಳಿ. ಟೀ ಕುಡಿಸಿ ಸಾಯಿಸ್ಬೇಡಿ."

"ನಿಮಗೆ... ಸ್ವಲ್ಪ ಸಮಾಧಾನ ಆಯ್ತಾ?" ಅಂದಳು ಅವಳು.

ಅವನಿಗೆ ಅದು ಕುಹಕದ ಹಾಗೆ ಕೇಳಿಸಿತು. ಮಾತು ಬೆಳೆಸದೆ ಬ್ಯಾಗು ಎತ್ತಿಕೊಂಡು, ತಂಡ ಬಾಡಿಗೆಗೆ ಹಿಡಿದಿದ್ದ ಮನೆಗೆ ಹೋದ. ಆ ಸಂಜೆ ಲ್ಯಾಪ್‌ಟಾಪ್ ತೆಗೆದು ಹೆಡ್ ಆಫೀಸಿಗೆ ಐದು ಸಾಲು ಬರೆದು ಕಳಿಸಿದ. ತಂಡ ಸಹಕರಿಸುತ್ತಿಲ್ಲ, ನನ್ನನ್ನು ಮೂಲೆಯಲ್ಲಿ ಕೂರಿಸಿ ಯಾರೂ ಮಾತಾಡಲಿಲ್ಲ, ಇದಕ್ಕೆಲ್ಲ ಇಲ್ಲಿನ ಮುಖ್ಯಸ್ಥೆಯೇ ಕಾರಣ ಅನ್ನಿಸುತ್ತದೆ, ಅಂತ.

ಈ ಐದು ಸಾಲು ನೆನಪಿಟ್ಟುಕೊಳ್ಳಿ. ಅವನು ಮರೆಯಲು ನೋಡಿದ, ಅವನ ಕೈಲಿ ಆಗಲಿಲ್ಲ.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಊರಾಚೆ ಕೆರೆಯ ದಂಡೆಯಲ್ಲಿ ನೀರು ಶುದ್ಧ ಮಾಡುವ ಹಳೆಯ ಘಟಕ. ಅದರ ಪಂಪು, ಪೈಪು, ವೈರು ಎಲ್ಲ ಕಿತ್ತು ಹೊಸದು ಕೂರಿಸಬೇಕು. ಎಂಟು ತಿಂಗಳ ಕೆಲಸ, ಒಂಬತ್ತು ಜನ, ಎಲ್ಲರ ಮನೆಯೂ ಒಂದು ದಿನದ ಪ್ರಯಾಣದಷ್ಟು ದೂರ. ಮುಖ್ಯಸ್ಥೆ ಅವಳು. ವಯಸ್ಸು ಮೂವತ್ಮೂರು. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಐವತ್ತೆಂಟು ದಾಟಿದ ವೆಲ್ಡರ್ ಮಾವ ಕೂಡ.

ಇಂಥ ಜಾಗದಲ್ಲಿ ಮೊದಲ ತಿಂಗಳು ಎಲ್ಲರೂ ಹುರುಪಿನಲ್ಲಿರುತ್ತಾರೆ. ಮೂರನೇ ತಿಂಗಳಿಗೆ ಉಪ್ಪು ಕಮ್ಮಿ ಆಯಿತು ಅಂತ ಜಗಳ ಶುರುವಾಗುತ್ತದೆ. ಐದಕ್ಕೆ ಒಬ್ಬೊಬ್ಬರೇ ಬ್ಯಾಗು ಕಟ್ಟುತ್ತಾರೆ. ಅವಳು ಹಿಂದೆ ಎರಡು ಕಡೆ ಹೀಗೆ ಕೆಲಸ ಅರ್ಧಕ್ಕೆ ನಿಂತದ್ದನ್ನು ನೋಡಿದ್ದಳು. ಇಲ್ಲಿಗೆ ಬಂದ ದಿನವೇ ಎಂಟು ಜನರ ಎದುರು ಒಂದು ಮಾತು ಕೊಟ್ಟಿದ್ದಳು. "ನಳದಲ್ಲಿ ನೀರು ಬರೋ ದಿನ ನಾವು ಒಂಬತ್ತೂ ಜನ ಇಲ್ಲೇ ಇರ್ತೀವಿ. ಯಾರನ್ನೂ ಮಧ್ಯದಲ್ಲಿ ಬಿಡಲ್ಲ."

ಆ ಮಾತು ಉಳಿಸಿಕೊಳ್ಳುವುದೇ ಅವಳ ನಿಜವಾದ ಕೆಲಸ. ಪಂಪು ಕೂರಿಸುವುದು ಅದಕ್ಕಿಂತ ಸುಲಭ.

ಮರುದಿನ ಬೆಳಿಗ್ಗೆ ಹೊಸಬನಿಗೆ ವಿಷಯ ಗೊತ್ತಾದದ್ದು ಸ್ಟೋರ್ ಆಂಟಿಯಿಂದ.

"ಸಾರ್, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ. ನಿನ್ನೆ ನೀವು ಆ ಕುರ್ಚೀಲಿ ಯಾಕೆ ಕೂತ್ರಿ?"

"ಖಾಲಿ ಇತ್ತು, ಕೂತೆ."

ಆಂಟಿ ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ. ಅಲ್ಲಿ ಕೂತೋರನ್ನ ನಾವು ಮಾತಾಡ್ಸಲ್ಲ ಸಾರ್. ಏನಾಯ್ತು ಅಂತ ಕೇಳಲ್ಲ, ಕೆಲಸ ಹೇಳಲ್ಲ. ಒಂದು ಕಪ್ ಟೀ ಇಟ್ಟು ಬರ್ತೀವಿ, ಅಷ್ಟೇ. ಅಕ್ಕ ಮಾಡಿದ ನಿಯಮ."

"ಯಾಕೆ?"

"ಮೂರನೇ ತಿಂಗಳಲ್ಲಿ ವೆಲ್ಡರ್ ಮಾವನ ಮಗಳಿಗೆ ಹೆರಿಗೆ ಕಷ್ಟ ಆಗಿ ಮಗು ಉಳೀಲಿಲ್ಲ. ಇವರು ಹೋಗಿ ಬಂದ್ರು. ಬಂದ್ಮೇಲೆ ಎಲ್ಲರೂ ಕೇಳೋರೇ. ಏನಾಯ್ತು ಮಾವ, ಹೇಗಾಯ್ತು ಮಾವ... ಎಂಟು ಸಲ ಅದೇ ಕಥೆ ಹೇಳಿ ಹೇಳಿ, ಹೆಲ್ಮೆಟ್ ಬಿಸಾಕಿ ಬ್ಯಾಗು ಕಟ್ಟಿದ್ರು. ಅವತ್ತು ಅಕ್ಕ ಈ ಕುರ್ಚಿ ತಂದು ಹಾಕಿದ್ರು. ಮಾವ ಎರಡು ದಿನ ಅದ್ರಲ್ಲೇ ಕೂತಿದ್ರು. ಮೂರನೇ ದಿನ ಎದ್ದು ಕೆಲಸಕ್ಕೆ ಹೋದ್ರು."

"ಹಾಗಾದ್ರೆ ನಿನ್ನೆ ನೀವೆಲ್ಲ..."

"ನಿಮಗೇನೋ ದೊಡ್ಡ ದುಃಖ ಅಂದ್ಕೊಂಡ್ವಿ. ಆರು ಕಪ್ ಟೀ ಇಟ್ವಿ."

ಅಂದಿನಿಂದ ಅವನ ಹೆಸರು ಆರು ಕಪ್ ಸಾರ್ ಅಂತಾಯಿತು. ಅವನೂ ನಕ್ಕ. ಅವಳ ಹತ್ತಿರ ಹೋಗಿ ಕ್ಷಮೆ ಕೇಳಿದ. ಆದರೆ ಆ ಐದು ಸಾಲಿನ ವಿಷಯ ಎತ್ತಲಿಲ್ಲ. ಹೆಡ್ ಆಫೀಸಿಗೂ ತಪ್ಪಾಯಿತು ಅಂತ ಬರೆಯಲಿಲ್ಲ. ಕುರ್ಚಿ ಗೊತ್ತಾಗದೆ ಕೂತೆ ಅಂತ ಬರೆದರೆ ಅಲ್ಲಿ ನಗುತ್ತಾರೆ ಅನ್ನುವ ನಾಚಿಕೆ. ಕೊನೆಯ ವರದಿಯಲ್ಲಿ ಒಳ್ಳೆಯದು ಬರೆದರಾಯಿತು ಅಂದುಕೊಂಡು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬುದ್ಧಿವಂತರು ಹೀಗೇ ಕೆಡುವುದು.

ಎರಡನೇ ದಿನ ಅವನು ಗೋಡೆಗೆ ದೊಡ್ಡ ಚಾರ್ಟು ಅಂಟಿಸಿದ. ಉಳಿದ ದಿನ ಎಪ್ಪತ್ತೆಂಟು, ಉಳಿದ ಕೆಲಸ ನೂರ ಹನ್ನೆರಡು. ಸಂಜೆಗೆ ಎಲ್ಲರ ಮುಖ ಬಾಡಿಹೋಗಿತ್ತು. ಅವಳು ಚಾರ್ಟು ಬಿಚ್ಚಿ ಮಡಚಿ ಅವನ ಕೈಗೆ ಕೊಟ್ಟಳು.

"ಉಳಿದದ್ದನ್ನ ಎಣಿಸಿದ್ರೆ ಕೈ ಬಿದ್ದುಹೋಗುತ್ತೆ ಸಾರ್. ಇವತ್ತು ಏನು ಮುಗೀತು ಅಂತ ಬರೀರಿ. ಯಾರು ಮುಗಿಸಿದ್ರು ಅಂತಾನೂ ಬರೀರಿ."

"ಅದು ಪ್ಲಾನಿಂಗ್ ಅಲ್ಲ."

"ಹೌದು, ಅಲ್ಲ. ಆದ್ರೆ ನಾಳೆ ಅವರು ಬೆಳಿಗ್ಗೆ ಎದ್ದು ಬರಬೇಕಲ್ಲ?"

ಅವನು ಗೋಡೆಯ ಬೋರ್ಡಿನ ಮೇಲೆ ದಿನಾ ಹಾಗೇ ಬರೆದ. ನಾಲ್ಕನೇ ದಿನ ಎಲೆಕ್ಟ್ರಿಷಿಯನ್, ಸಣ್ಣಪುಟ್ಟದ್ದಕ್ಕೂ ಸಿಡಿಯುತ್ತಿದ್ದರಿಂದ ಎಲ್ಲರ ಬಾಯಲ್ಲಿ ಫ್ಯೂಸ್ ಆದವನು, ಬೋರ್ಡಿನ ಮುಂದೆ ನಿಂತು ತನ್ನ ಸಾಲಿನ ಫೋಟೋ ತೆಗೆದು ಹೆಂಡತಿಗೆ ಕಳಿಸಿದ. ಅದನ್ನು ಆರು ಕಪ್ ಸಾರ್ ದೂರದಿಂದ ನೋಡಿದ. ಆಮೇಲೆ ಅವಳನ್ನು ನೋಡಿದ. ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ ಅಂತ ಸ್ಟೋರ್ ಆಂಟಿಯ ಹೇಳಿಕೆ.

ದಿನಾ ನಾಲ್ಕು ಗಂಟೆಗೆ ಎಲ್ಲರೂ ಕೆಲಸ ಬಿಟ್ಟು ಮನೆಗೆ ಫೋನ್ ಮಾಡಬೇಕು. ಅದೂ ಅವಳ ನಿಯಮವೇ. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿಯುತ್ತಿದ್ದರು. ಅವಳು ಫಿಲ್ಟರ್ ತೊಟ್ಟಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಅವನೂ ಅಲ್ಲಿಗೇ ಬರತೊಡಗಿದ.

"ನೀವು ಫೋನ್ ಮಾಡಲ್ವಾ?"

"ಭಾನುವಾರ ಮಾಡ್ತೀನಿ. ನೀವು?"

"ನನಗೆ ಮಾಡೋಕೆ ಯಾರೂ ಇಲ್ಲ ಈಗ," ಅಂದ. 'ಈಗ' ಅನ್ನುವುದರ ಅರ್ಥವನ್ನು ಅವಳು ಕೇಳಲಿಲ್ಲ. ಕೇಳದೇ ಇರುವುದು ಅವಳಿಗೆ ಅಭ್ಯಾಸವಾಗಿತ್ತು.

ಒಂದು ದಿನ ಅವಳೇ ಹೇಳಿದಳು. "ನನ್ನ ಅಕ್ಕನ ಮಗಳಿಗೆ ನಾಲ್ಕು ವರ್ಷ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ನೋಡಿ ಅಮ್ಮನ ಹಿಂದೆ ಅವಿತ್ಕೊಂಡ್ಳು. ಇವರ್ಯಾರು ಅಂತ ಕೇಳಿದ್ಳು. ಚಿಕ್ಕಮ್ಮ ಕಣೇ ಅಂದ್ರೆ... ನಂಬ್ಲಿಲ್ಲ."

ಹೇಳಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ನೀವು ಆ ಕುರ್ಚೀಲಿ ಯಾವತ್ತಾದ್ರೂ ಕೂತಿದ್ದೀರಾ?" ಅಂದ ಅವನು.

"ನಾನು ಕೂತ್ರೆ ಇವರೆಲ್ಲ ಹೆದರ್ತಾರೆ."

"ಅಂದ್ರೆ ಇಲ್ಲ."

"ಇಲ್ಲ."

ಅವನು ಎದ್ದು ಹೋಗಿ ಎರಡು ಕಪ್ ಟೀ ತಂದ. ಆ ಹತ್ತು ನಿಮಿಷದಲ್ಲಿ ಅವಳ ಮನಸ್ಸು ಅವನ ಕಡೆ ವಾಲಿಬಿಟ್ಟಿತು. ಅವಳಿಗೆ ಅದು ಚೆನ್ನಾಗಿ ಗೊತ್ತಾಯಿತು, ಗೊತ್ತಾಗದ ಹಾಗೆ ಟೀ ಕುಡಿದಳು.

ಮೂರನೇ ವಾರದ ಗುರುವಾರ, ಮಧ್ಯಾಹ್ನ ಮೂರೂವರೆಗೆ ಮೇಲ್ ಬಂತು. ಅವಳು ಕಂಟ್ರೋಲ್ ರೂಮಿನಲ್ಲಿ ನಿಂತೇ ಓದಿದಳು. ಸೋಮವಾರದಿಂದ ಈ ಕೆಲಸಕ್ಕೆ ಬೇರೆ ಮುಖ್ಯಸ್ಥರು ಬರುತ್ತಾರೆ, ನೀವು ಎಲ್ಲ ಒಪ್ಪಿಸಿ ಹೆಡ್ ಆಫೀಸಿಗೆ ಬನ್ನಿ. ಕಾರಣ, ಲಗತ್ತಿಸಿದ ವರದಿ.

ಲಗತ್ತಿಸಿದ ವರದಿ ಐದೇ ಸಾಲು. ಕೆಳಗೆ ಅವನ ಸಹಿ.

ಅವಳು ಕೂಗಲಿಲ್ಲ, ಅಳಲಿಲ್ಲ. ಗಡಿಯಾರ ನೋಡಿದಳು. ನಾಲ್ಕಾಗಲಿ ಅಂತ ಕಾದಳು. ಎಲ್ಲರೂ ಫೋನ್ ಹಿಡಿದು ಮೂಲೆ ಸೇರಿದ ಮೇಲೆ ಫಿಲ್ಟರ್ ಕಟ್ಟೆಗೆ ಹೋಗಿ, ಅವನ ಮುಂದೆ ಫೋನ್ ಹಿಡಿದಳು.

"ಇದು ನೀವು ಬರೆದದ್ದಾ?"

ಅವನು ಓದಿದ. ಮುಖದ ಬಣ್ಣ ಇಳಿಯಿತು. "ಹೌದು. ಬಂದ ದಿನ ಸಂಜೆ. ಆಗ ನನಗೆ ಗೊತ್ತಿರ್ಲಿಲ್ಲ..."

"ಮರುದಿನ ಬೆಳಿಗ್ಗೆ ಗೊತ್ತಾಯ್ತಲ್ಲ."

"ಆಯ್ತು."

"ಮೂರು ವಾರ. ದಿನಾ ನಾಲ್ಕು ಗಂಟೆಗೆ ನಿಮ್ಮ ಎದುರಿಗೇ ಕೂತಿದ್ದೆ. ನನ್ನ ಮನೆ ವಿಷಯ, ಮಗು ವಿಷಯ ಎಲ್ಲ ಹೇಳಿದೆ. ಒಂದು ಸಲ ಹೇಳಬಹುದಿತ್ತು."

"ನಾಚಿಕೆ ಆಯ್ತು. ಸರಿಮಾಡ್ತೀನಿ ಅಂದ್ಕೊಂಡೆ..."

"ನಿಮ್ಮ ನಾಚಿಕೆಗೆ ನನ್ನ ಮಾತು ಹೋಯ್ತು ಸಾರ್. ಒಂಬತ್ತು ಜನ ಒಟ್ಟಿಗೆ ಇರ್ತೀವಿ ಅಂತ ಕೊಟ್ಟ ಮಾತು." ಅವಳ ದನಿ ಏರಲಿಲ್ಲ. ಅದರಿಂದಲೇ ಅವನಿಗೆ ಜಾಸ್ತಿ ನೋವಾಯಿತು.

ವಿಷಯ ಹೇಗೆ ಹಬ್ಬಿತೋ, ಐದು ಗಂಟೆಗೆ ಎಲ್ಲರೂ ಬೋರ್ಡಿನ ಮುಂದೆ ನಿಂತಿದ್ದರು. ಫ್ಯೂಸ್ ಆಗಲೇ ಸಿಡಿದಿದ್ದ. "ಅಕ್ಕ ಹೋದ್ರೆ ನಾನೂ ಹೋಗ್ತೀನಿ. ಇವತ್ತೇ ಬ್ಯಾಗು ಕಟ್ತೀನಿ. ಆ ಆರು ಕಪ್ಪಿನ ಮುಖ ನೋಡೋಕೂ ಇಷ್ಟ ಇಲ್ಲ."

"ಯಾರೂ ಬ್ಯಾಗು ಕಟ್ಟಲ್ಲ," ಅಂದಳು ಅವಳು. "ಪಂಪು ಅರ್ಧ ಬಿಚ್ಚಿಟ್ಟು ಹೋದ್ರೆ ಊರಿಗೆ ನೀರಿಲ್ಲ. ಬರೋರ ಹತ್ರ ಹೀಗೇ ಕೆಲಸ ಮಾಡಿ. ಬೋರ್ಡಲ್ಲಿ ದಿನಾ ಬರೀರಿ, ನಾಲ್ಕಕ್ಕೆ ಫೋನ್ ಮಾಡಿ. ಕುರ್ಚಿ ತೆಗೀಬೇಡಿ."

ವೆಲ್ಡರ್ ಮಾವ ಕೇಳಿದರು. "ಮತ್ತೆ ನೀನು?"

"ನನಗೇನು ಮಾವ... ನಾನು ಚೆನ್ನಾಗೇ ಇದ್ದೀನಿ."

ಚೆನ್ನಾಗಿರಲಿಲ್ಲ. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವಳೇ ಕಲಿಸಿದ ಪಾಠ ಅದು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೆಡ್ ಆಫೀಸಿನ ಜೊತೆ ವಾರದ ಮಾತುಕತೆ. ಮೇಜಿನ ನಡುವೆ ಸ್ಪೀಕರ್ ಫೋನ್, ಸುತ್ತ ಒಂಬತ್ತು ಜನ. ಅತ್ತ ಕಡೆ ದೊಡ್ಡ ಸಾಹೇಬರು ಮತ್ತು ಯಾರ್ಯಾರೋ. ಅವಳು ಒಪ್ಪಿಸಬೇಕಾದ ಪಟ್ಟಿ ಓದಲು ಶುರುಮಾಡುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಅವನು ಒಳಗೆ ಬಂದ.

"ಸಾರ್, ನಾನು ಪ್ಲಾನಿಂಗ್. ನನ್ನ ಮೊದಲ ವರದಿ ತಪ್ಪು. ನಿನ್ನೆ ಸಂಜೆ ಮೇಲ್ ಹಾಕಿದ್ದೀನಿ, ನೀವು ನೋಡಿಲ್ಲ. ಎಲ್ಲರ ಮುಂದೆ ಹೇಳ್ತೀನಿ."

"ಏನು ತಪ್ಪು?"

"ಇಲ್ಲಿ ಒಂದು ಕುರ್ಚಿ ಇದೆ ಸಾರ್. ಮನಸ್ಸಿಗೆ ಕಷ್ಟ ಆದೋರು ಅದ್ರಲ್ಲಿ ಕೂರ್ತಾರೆ, ಅವರನ್ನ ಯಾರೂ ಮಾತಾಡ್ಸಲ್ಲ. ನಾನು ಗೊತ್ತಿಲ್ದೆ ಅದ್ರಲ್ಲಿ ಕೂತೆ. ಯಾರೂ ಮಾತಾಡ್ಸಲಿಲ್ಲ. ಅದನ್ನ ಅಸಹಕಾರ ಅಂತ ಬರೆದೆ."

ಅತ್ತ ಕಡೆ ಯಾರೋ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. "ಇದು ಗೊತ್ತಾಗೋಕೆ ಮೂರು ವಾರ ಬೇಕಾಯ್ತಾ?"

"ಇಲ್ಲ ಸಾರ್. ಮರುದಿನವೇ ಗೊತ್ತಾಯ್ತು. ನೀವು ನಗ್ತೀರಾ ಅಂತ ಬಾಯಿ ಮುಚ್ಕೊಂಡಿದ್ದೆ. ಇವರು ಆರು ತಿಂಗಳಿಂದ ಒಬ್ಬರೂ ಬಿಟ್ಟು ಹೋಗಿಲ್ಲ. ನಮ್ಮ ಬೇರೆ ಸೈಟಲ್ಲಿ ಎಲ್ಲಾದ್ರೂ ಹೀಗಿದೆಯಾ, ನೋಡಿ. ತೆಗೀಬೇಕಾದ್ರೆ ನನ್ನ ತೆಗೀರಿ. ಇವರನ್ನಲ್ಲ."

ಸಾಹೇಬರು ಇಬ್ಬರ ಲೆಕ್ಕವನ್ನೂ ಅಲ್ಲೇ ಮುಗಿಸಿದರು. ಅವಳು ಕೆಲಸ ಮುಗಿಯುವವರೆಗೂ ಇರಲಿ. ಅವನು ಇವತ್ತೇ ವಾಪಸ್ ಬರಲಿ, ಅವನ ವಿಷಯ ಆಮೇಲೆ ನೋಡೋಣ.

ಅವನು ಬ್ಯಾಗು ಹಿಡಿದು ಹೊರಟಾಗ ಅವಳು ನಕ್ಷೆಯಿಂದ ತಲೆ ಎತ್ತಲಿಲ್ಲ. 'ಎತ್ತು... ಒಂದು ಸಲ ನೋಡು,' ಅಂತ ಒಳಗಿಂದ ಯಾರೋ ಅಂದರು. ಎತ್ತಲಿಲ್ಲ. ಗೇಟಿನ ಸದ್ದು ಕೇಳಿದ ಮೇಲೆ ನೋಡಿದಳು. ಅವಳ ಮೇಜಿನ ತುದಿಯಲ್ಲಿ ಒಂದು ಕಪ್ ಟೀ ಇತ್ತು. ಇನ್ನೂ ಬಿಸಿ ಇತ್ತು.

ಎರಡು ತಿಂಗಳು ಹೋದವು. ಅವನಿಂದ ಫೋನಿಲ್ಲ, ಇವಳಿಂದಲೂ ಇಲ್ಲ. ಸಿಟ್ಟು ಮೊದಲ ವಾರಕ್ಕೇ ಕರಗಿತ್ತು ಅನ್ನುವುದು ನಿಜ. ಆಮೇಲೆ ಉಳಿದದ್ದು ಬಿಗುಮಾನ. ನಾಲ್ಕು ಗಂಟೆಗೆ ಕಟ್ಟೆಯ ಮೇಲೆ ಕೂತಾಗ ಪಕ್ಕದ ಜಾಗ ಖಾಲಿ ಅನ್ನಿಸುತ್ತಿತ್ತು. ಅವಳು ಆ ಜಾಗದಲ್ಲಿ ಹೆಲ್ಮೆಟ್ ಇಡಲು ಶುರುಮಾಡಿದಳು.

ಕೊನೆಗೆ ಒಂದು ಬುಧವಾರ ಬೆಳಿಗ್ಗೆ ಪಂಪು ಗುಂಯ್ ಅಂದಿತು. ಪರೀಕ್ಷೆಯ ನಳದಲ್ಲಿ ಮೊದಲು ಕೆಂಪು, ಆಮೇಲೆ ಕಲಗಚ್ಚು, ಕೊನೆಗೆ ತಿಳಿ ನೀರು ಬಂತು. ಒಂಬತ್ತೂ ಜನ ಅಲ್ಲೇ ಇದ್ದರು. ಫ್ಯೂಸ್ ತಲೆಯನ್ನೇ ನಳದ ಕೆಳಗೆ ಹಿಡಿದ. ವೆಲ್ಡರ್ ಮಾವ ಕನ್ನಡಕ ಒರೆಸಿಕೊಂಡರು. ಅವಳು ಬೋರ್ಡಿನ ಮೇಲೆ ಬರೆದಳು: 'ಇವತ್ತು ಮುಗೀತು. ನಾವು ಮುಗಿಸಿದ್ವಿ.'

ಬರೆದು ಚಾಕ್‌ಪೀಸ್ ಇಟ್ಟಳು. ಎಂಟು ತಿಂಗಳು ಹಿಡಿದಿಟ್ಟದ್ದೆಲ್ಲ ಒಂದೇ ಸಲ ಕಾಲಿಗೆ ಇಳಿಯಿತು. ಯಾರಿಗೂ ಹೇಳದೆ ಒಳಗೆ ಹೋದಳು. ಹೋಗಿ ನೀಲಿ ಕುರ್ಚಿಯಲ್ಲಿ ಕೂತಳು.

ಕಂಡವರು ನಿಂತಲ್ಲೇ ನಿಂತರು. ಅವಳು ಹೆದರಿದ ಹಾಗೆ ಯಾರೂ ಹೆದರಲಿಲ್ಲ. ಫ್ಯೂಸ್ ಒದ್ದೆ ತಲೆಯಲ್ಲೇ ಬಂದು ಒಂದು ಕಪ್ ಇಟ್ಟ. ಮಾವ ಇಟ್ಟರು. ಆಂಟಿ ಇಟ್ಟು, ಸೆರಗಿನಿಂದ ಕಣ್ಣೊತ್ತಿಕೊಂಡು ಹೋದರು. ಫಿಟ್ಟರ್ ಇಟ್ಟ. ಪೈಪಿನವನು ಇಟ್ಟ. ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಆರನೆಯ ಕಪ್ ಬಂತು.

ಇಟ್ಟ ಕೈ ಗುರುತು ಸಿಕ್ಕಿತು. ಘಟಕ ಒಪ್ಪಿಸುವ ಕಾಗದಕ್ಕೆ ಪ್ಲಾನಿಂಗ್‌ನವರ ಸಹಿಯೂ ಬೇಕಿತ್ತು, ಯಾರೋ ಒಬ್ಬರು ಬರುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಇವನನ್ನೇ ಕಳಿಸುತ್ತಾರೆ ಅಂತ ಗೊತ್ತಿರಲಿಲ್ಲ. ನನ್ನನ್ನೇ ಕಳಿಸಿ ಅಂತ ಕೇಳಿ ಕೇಳಿ ಬಂದಿದ್ದ ಅನ್ನುವುದು ಇನ್ನೂ ಗೊತ್ತಿರಲಿಲ್ಲ.

ಅವನು ಮಾತಾಡಲಿಲ್ಲ, ಹೋಗಲೂ ಇಲ್ಲ. ಕುರ್ಚಿಯಿಂದ ಎರಡು ಮೊಳ ದೂರದಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಗಡಿಯಾರದಲ್ಲಿ ಹತ್ತು ನಿಮಿಷ ಹೋಯಿತು. ಇಪ್ಪತ್ತಾಯಿತು.

"ಕೂತೋರನ್ನ ಮಾತಾಡ್ಸಬಾರದು ಅಂತ ನಿಯಮ," ಅಂದಳು ಅವಳು, ಕಿಟಕಿಯಿಂದ ಕಣ್ಣು ತೆಗೆಯದೆ. "ಕೂತೋರು ಮಾತಾಡಬಾರದು ಅಂತಿಲ್ಲ. ಹೇಳೋದಿದ್ರೆ ಹೇಳಿ."

ಅವನು ನೆಲ ನೋಡುತ್ತಾ ಹೇಳಿದ.

"ಅವತ್ತು ನನಗೆ ಸಿಟ್ಟು ಬಂದದ್ದು ನೀವ್ಯಾರೂ ಮಾತಾಡ್ಲಿಲ್ಲ ಅಂತಲ್ಲ. ಅಪ್ಪ ಹೋಗಿ ಐದು ತಿಂಗಳಾಗಿತ್ತು. ಹೋದ ಮರುವಾರವೇ ನಾನು ಕೆಲಸಕ್ಕೆ ಹೊರಟಿದ್ದೆ, ಒಂದು ಸೈಟಿಂದ ಇನ್ನೊಂದು ಸೈಟಿಗೆ. ಎಲ್ಲೂ ಕೂತಿರ್ಲಿಲ್ಲ. ಇಲ್ಲಿ ನಲವತ್ತು ನಿಮಿಷ ಸುಮ್ಮನೆ ಕೂತೆ... ನೀವು ಕಪ್ ಇಟ್ಟು ನನ್ನ ನೋಡಿದ್ರಿ. ಅಳು ಬಂತು. ಹೆಡ್ ಆಫೀಸಿಂದ ಬಂದೋನು ಅಳಬಾರದಲ್ಲ, ಸಿಟ್ಟು ಮಾಡ್ಕೊಂಡೆ."

ಅವಳು ತಿರುಗಿ ನೋಡಿದಳು.

"ತಪ್ಪಾಗಿ ಕೂತೆ ಅಂತ ಫೋನಲ್ಲಿ ಎಲ್ಲರ ಮುಂದೆ ಹೇಳಿದೆ. ಅದು ಪೂರ್ತಿ ನಿಜ ಅಲ್ಲ. ನಾನು ಕೂರಬೇಕಾದ ಕುರ್ಚಿಯಲ್ಲೇ ಕೂತಿದ್ದೆ. ನನಗೆ ನೀವಂದ್ರೆ ಇಷ್ಟ. ಕ್ಷಮಿಸ್ತೀರಾ ಅಂತ ಕೇಳಲ್ಲ, ಇಲ್ಲಿ ಕೇಳೋ ಹಾಗಿಲ್ಲ. ಹೇಳಿದೆ, ಅಷ್ಟೇ."

ಅವಳು ಒಂದು ಕಪ್ ತೆಗೆದು ಅವನ ಕಡೆ ಚಾಚಿದಳು.

"ಏಳಿ. ನೆಲ ತಣ್ಣಗಿದೆ."

"ಇನ್ನೊಂದು ಕುರ್ಚಿ ಇಲ್ವಲ್ಲ."

"ಮನೆಗೆ ಎರಡು ತಗೊಳ್ಳೋಣ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ದಡಬಡನೆ ಎದ್ದು ಅರ್ಧ ಟೀ ಪ್ಯಾಂಟಿನ ಮೇಲೆ ಚೆಲ್ಲಿಕೊಂಡ. ಅವಳು ಅಳುತ್ತಲೇ ನಕ್ಕುಬಿಟ್ಟಳು. ಈ ಸಲ ನಗು ಪೂರ್ತಿ ಬಂತು.

"ಆದ್ರೆ ಅಲ್ಲಿ ನಿಯಮ ಬೇರೆ," ಅಂದಳು.

"ಏನು?"

"ನಾನು ಕೂತಾಗ ನೀವು ಕೇಳ್ಬೇಕು. ಎಂಟು ತಿಂಗಳಲ್ಲಿ ನನ್ನ ಯಾರೂ ಕೇಳಿಲ್ಲ."

ಅವನು ಕಪ್ ಕೆಳಗಿಟ್ಟು ಹತ್ತಿರ ಬಂದು, ಅವಳ ಕುರ್ಚಿಯ ಪಕ್ಕ ಮೊಣಕಾಲೂರಿದ. ಅವಳ ಕೈ ಹಿಡಿದ.

"ಏನಾಯ್ತು?"

"ಬಹಳ ಇದೆ."

"ಹೇಳಿ. ನನ್ನ ಬಸ್ಸು ನಾಳೆ."